ಸಸ್ತನಿಗಳ ಪಾಠ ಮಾಡಿದ ದಿನ

ಇಪ್ಪತ್ತೆರಡು ವರ್ಷ ಒಂದೇ ಪಾಠ ಮಾಡಿದವರಿಗೆ ಆ ಪಾಠ ಅರ್ಥವಾಗಿರಲೇಬೇಕು ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯಲ್ಲಿ ಮೇಷ್ಟರು ಯಾರೂ ಇಲ್ಲವೆಂದೇ ಲೆಕ್ಕ. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ತಿ. ನರಸೀಪುರದಿಂದ ನಂಜನಗೂಡಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಹೆಮ್ಮರಗಾಲದ ಕಡೆಯ ಒಂದು ಹಳ್ಳಿಗೆ ದಿನಾ ಹೋಗುತ್ತೇನೆ. ಸಸ್ತನಿಗಳ ಲಕ್ಷಣಗಳನ್ನು ಆ ಬಸ್ಸಿನಲ್ಲಿ ತೂಕಡಿಸುತ್ತಲೇ ಹೇಳಬಲ್ಲೆ: ಮೈಮೇಲೆ ಕೂದಲು, ಬಿಸಿರಕ್ತ, ನಾಲ್ಕು ಕೋಣೆಗಳ ಹೃದಯ, ಮರಿಗೆ ಹಾಲೂಡುವ ಸ್ತನ. ಹೋದ ಬೇಸಿಗೆಯಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಬಲಗಡೆಯ ಸ್ತನ ತೆಗೆದರು. ಕ್ಯಾನ್ಸರ್. ಆಮೇಲಿನ ಔಷಧಿಗೆ ಕೂದಲು ಹೋಯಿತು. ಕೈಕಾಲು ಸದಾ ಬಾವಿಗಟ್ಟೆಯ ಕಲ್ಲಿನ ಹಾಗೆ ತಣ್ಣಗೆ. ಮಂಚದ ಮೇಲೆ ಮಲಗಿ ಒಂದೊಂದೇ ಲಕ್ಷಣವನ್ನು ಬೆರಳು ಮಡಿಸಿ ನೋಡಿಕೊಂಡೆ. ಉಳಿದದ್ದು ನಾಲ್ಕು ಕೋಣೆಗಳ ಹೃದಯ ಒಂದೇ. ಅದಾದರೂ ಮೊಸಳೆಗೂ ಇದೆ. ಈ ಮಾತನ್ನು ನಮ್ಮ ಯಜಮಾನರಿಗೆ ಹೇಳಿದೆ. ತಾಂಡ್ಯದ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಅವರು ನಗಲಿಲ್ಲ. ಎದ್ದು ಹೋಗಿ ನಲ್ಲಿಯ ಕೆಳಗೆ ಬಹಳ ಹೊತ್ತು ಮುಖ ತೊಳೆದರು. ಅಂದಿನಿಂದ ಮನೆಯಲ್ಲಿ ಹಾಸ್ಯ ನಿಲ್ಲಿಸಿದ್ದೇನೆ.

ಮತ್ತೆ ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂದಾಗ ಒಂದು ಸಣ್ಣ ಸಮಸ್ಯೆ ಎದ್ದಿತು. ರವಿಕೆಯ ಒಂದು ಪಕ್ಕ ಖಾಲಿ. ಆಸ್ಪತ್ರೆಯವರು ಕೊಡಿಸಿದ ಸಿಲಿಕಾನಿನ ತುಂಡು ಬೆವರಿಗೆ ಕಡಿಯುತ್ತಿತ್ತು. ಅದನ್ನು ನೋಡಿ ನಮ್ಮತ್ತೆ, "ತಡಿಯವ್ವ, ಅದ್ಯಾಕೆ ಆ ರಬ್ಬರು? ನಿನ್ ಮಗೀನ ತಲೆಗೆ ಸಾಸ್ವೆ ದಿಂಬು ಒಲ್ಕೊಟ್ಟಿರ್ನಿಲ್ವಾ? ಇದೂ ಅಂಗೇಯ" ಎಂದು ಹಳೆಯ ಧೋತರದ ತುಂಡಿನಲ್ಲಿ ಚೀಲ ಹೊಲಿದು ಸಾಸಿವೆ ತುಂಬಿದರು. ಒಂದು ತೊಲ ಹೆಚ್ಚು ಕಡಿಮೆ ಆಗಬಾರದೆಂದು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಮೂರು ಸಲ ತುಂಬಿ ಮೂರು ಸಲ ಸುರಿದರು. ಎಪ್ಪತ್ತು ದಾಟಿದ ಅವರ ಕಣ್ಣಿಗೆ ಸೂಜಿಯ ತೂತು ಸರಿಯಾಗಿ ಕಾಣುವುದಿಲ್ಲ. ಆ ಸಂಗತಿ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಶಾಲೆಗೆ ಹೋದರೆ ಒಂಬತ್ತನೇ ತರಗತಿಯಲ್ಲಿ ಸರಿಯಾಗಿ ಇದೇ ಪಾಠ ಕಾದು ಕೂತಿತ್ತು. ಹೆಡ್ಮಾಸ್ಟರು ಒಳ್ಳೆಯವರು, ಸಂಕೋಚದ ಮನುಷ್ಯ. ನನ್ನನ್ನು ಕರೆದು, "ಮೇಡಂ, ಆ ಪಾಠ ಅದಲ್ಲಾ... ಪಕ್ಷಿಗಳಾದ ಮೇಲಿಂದು. ಅದನ್ನ ಬೇಕಾದ್ರೆ ಗಣಿತದ ಮೇಷ್ಟ್ರ ಕೈಲಿ ಮಾಡಿಸ್ಬುಡಾಣ" ಎಂದರು.

"ಯಾಕೆ ಸಾರ್?"

"ಅಲ್ಲ, ನಿಮ್ಗೆ ಕೈ ನೋವಿರ್ತದೆ, ಅದ್ಕೆ."

ಸಸ್ತನಿ ಎಂಬ ಪದ ಬಾಯಿಗೆ ಬಾರದೆ ಅವರು ಕಿಟಕಿಯಾಚೆಯ ಬೇವಿನ ಮರಕ್ಕೆ ಹೇಳುತ್ತಿದ್ದರು. ನನಗೆ ಹಟ ಬಂತು. ತಲೆಗೆ ಸೆರಗು ಹೊದ್ದು ತರಗತಿಗೆ ಹೋದೆ. ಮೊಟ್ಟೆಯಿಡುವ ಪ್ಲಾಟಿಪಸ್, ಮರಿಯನ್ನು ಹೊಟ್ಟೆಚೀಲದಲ್ಲಿ ಬೆಳೆಸುವ ಕಾಂಗರೂ, ಬಸಿರಿನಲ್ಲೇ ಬೆಳೆಸಿ ಹೆರುವ ಹಸು, ಬಾವಲಿ, ತಿಮಿಂಗಿಲ, ನಾವು. ಪ್ಲಾಟಿಪಸ್ಸಿಗೆ ಮೊಲೆತೊಟ್ಟೇ ಇಲ್ಲ, ಹಾಲು ಚರ್ಮದಿಂದ ಜಿನುಗುತ್ತದೆ, ಆದರೂ ಅದು ಸಸ್ತನಿಯೇ ಎಂದು ನಾನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದೆನೆಂದು ಕಾಣುತ್ತದೆ. ಮಕ್ಕಳು ತಲೆಯೆತ್ತಿ ನೋಡಿದರು. ಅದೇ ಹುರುಪಿನಲ್ಲಿ ಬೋರ್ಡಿನ ಮೇಲ್ತುದಿಯಲ್ಲಿ ತಲೆಬರಹ ಬರೆಯಲು ಎತ್ತಬಾರದ ಕೈ ಎತ್ತಿದೆ. ಒಳಗೆ ಹೊಲಿಗೆ ಬಿಟ್ಟಿತು. ಸಾಸಿವೆ ಸೀರೆಯ ನೆರಿಗೆಯಲ್ಲಿ ಜಾರಿ ಸಿಮೆಂಟು ನೆಲದ ಮೇಲೆ ಸರಸರನೆ ಉರುಳತೊಡಗಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಕುರ್ಚಿಯಲ್ಲಿ ಕೂತು, "ಪುಸ್ತಕ ತೆಗೆದು ಓದಿಕೊಳ್ಳಿ" ಎಂದೆ.

ಗಂಟೆ ಹೊಡೆದು ಎಲ್ಲರೂ ಹೊರಗೆ ಹೋದ ಮೇಲೆ ಮುಂದಿನ ಬೆಂಚಿನ ಸವಿತ ನನ್ನ ಹತ್ತಿರ ಬಂದಳು.

"ಮಿಸ್, ಅದ್ನ ದಪ್ಪ ಬಟ್ಟೇಲಿ ಒಲೀಬೇಕು. ನಮ್ಮವ್ವ ರಾಗಿ ತುಂಬ್ಕತಿದ್ಲು, ಎಲ್ಡು ಪದ್ರ ಬಟ್ಟೆ ಆಕಿ."

"ನಿಮ್ಮಮ್ಮನಿಗೂ ಇದೇ ಆಗಿತ್ತಾ? ಈಗ ಹೇಗಿದ್ದಾರೆ?"

"ಓದೊರ್ಸ ತೀರ್ಕಂಡ್ಲು ಮಿಸ್."

ಹೋದ ವರ್ಷ ಇವಳ ಕ್ಲಾಸ್ ಟೀಚರು ನಾನೇ. ಹತ್ತು ದಿನ ಶಾಲೆಗೆ ಬಾರದೆ, ಬಂದಾಗ ಬಾಯಿ ಬಿಡದೆ ನಿಂತ ಇವಳನ್ನು ಬಾಗಿಲ ಹೊರಗೆ ನಿಲ್ಲಿಸಿ, "ರಜಾ ಚೀಟಿ ಎಲ್ಲಿ? ನಿಮ್ಮಮ್ಮನ ಸಹಿ ಹಾಕಿಸಿಕೊಂಡು ಬಾ" ಎಂದು ಗದರಿಸಿದ್ದೆ. ಮುಂದಿನ ತಿಂಗಳು ನನ್ನದೇ ಎದೆಯ ಗಂಟು ಕೈಗೆ ಸಿಕ್ಕಿತು; ಇವಳು ಮರೆತುಹೋದಳು.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಚೀಟಿ ಕೇಳುದ್ರಿ ಮಿಸ್" ಎಂದಳು. ದೂರಿನ ದನಿಯಲ್ಲ, ಕೇಳಿದ್ದಕ್ಕೆ ಉತ್ತರ, ಅಷ್ಟೆ.

ಮರುದಿನ ಎರಡೂ ಬಸ್ಸುಗಳಲ್ಲಿ ಕೂತು ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡೆ. ಮಗುವಿನ ಮುಂದೆ ದೊಡ್ಡವರು ತಪ್ಪೊಪ್ಪಿಕೊಳ್ಳುವುದು ಹೇಗೆಂದು ನಮಗೆ ಯಾವ ತರಬೇತಿಯಲ್ಲೂ ಕಲಿಸಿಲ್ಲ. ಬಿಡುವಿನ ವೇಳೆಯಲ್ಲಿ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ. ನಾನು ಬಾಯಿ ತೆರೆಯುವ ಮುನ್ನವೇ ಅವಳು ನಾಲ್ಕು ಮಡಿಕೆಯ ಕಾಗದವೊಂದನ್ನು ಮೇಜಿನ ಮೇಲಿಟ್ಟಳು.

"ಓದೊರ್ಸದ ರಜಾ ಚೀಟಿ ಮಿಸ್. ನಿನ್ನೆ ಗ್ಯಾಪ್ಕ ಮಾಡುದ್ರಲ್ಲ."

ಬಿಡಿಸಿ ಓದಿದೆ. 'ನನ್ನ ತಾಯಿ ತೀರಿಕೊಂಡ ಕಾರಣ ಹತ್ತು ದಿನ ಶಾಲೆಗೆ ಆಜರಾಗಲು ಆಗಲಿಲ್ಲ. ದಯವಿಟ್ಟು ಕ್ಷಮಿಸಬೇಕು.' ಕೆಳಗೆ, ಪೋಷಕರ ಸಹಿ ಇರಬೇಕಾದ ಕಡೆ, ಅವಳದೇ ಹೆಸರು.

ನನ್ನ ಕಣ್ಣು ತುಂಬಿತೆಂದು, ಎದ್ದು ಅವಳನ್ನು ತಬ್ಬಿಕೊಂಡೆನೆಂದು ಬರೆಯಬಹುದಿತ್ತು. ಆದದ್ದು ಅದಲ್ಲ. ಇಪ್ಪತ್ತೆರಡು ವರ್ಷ ಪಳಗಿದ ಕೈ ತಾನಾಗಿ ಕೆಂಪು ಪೆನ್ನು ಹಿಡಿದು, 'ಆಜರಾಗಲು' ಎಂಬುದಕ್ಕೆ ಸುತ್ತು ಹಾಕಿ, ಮೇಲೆ 'ಹಾ' ಎಂದು ಬರೆಯಿತು.

ಸವಿತ ಬಗ್ಗಿ ನೋಡಿ, "ಇನ್ಮೇಲೆ ಸರ್ಯಾಗಿ ಬರೀತೀನಿ ಮಿಸ್" ಎಂದಳು.

ಅಷ್ಟು ದೂರದಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ನನ್ನ ಬಾಯಿಂದ ಹೊರಟದ್ದು ಎರಡೇ: "ಸರಿ, ಹೋಗು."