ನಮ್ಮೂರ ನಕಾಶೆಗೆ ನಾನು ಬಳಿದ ಹಸಿರು

ನಕಾಶೆಯ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಸಿರಿಗೇರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು ನಾನು. ಮಕ್ಕಳು ತುಂಗಭದ್ರೆಯನ್ನು ರಾಜಸ್ಥಾನದಲ್ಲಿ ಹರಿಸಿದರೆ ಗದರಿಸಿ ವಾಪಸ್ ತರಿಸುವವನು. ಅಂಥವನು ಒಂದು ಮೊಬೈಲ್ ಕಂಪನಿಯ ನಕಾಶೆಯ ಮುಂದೆ ಮಣ್ಣು ಮುಕ್ಕಿದೆ!

ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಅಡುಗೆಮನೆಯಲ್ಲಿಲ್ಲ, ಪಡಸಾಲೆಯಲ್ಲಿಲ್ಲ, ಕಿಟಕಿಯ ಸರಳಿಗೆ ಫೋನು ಕಟ್ಟಿದರೂ ಇಲ್ಲ. ಸಿಗುವುದು ಪಕ್ಕದ ಮನೆಯ ಟೇಲರ್ ಖಾಜಾಸಾಬರ ಹೊರಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ಹತ್ತಿರ. ಕುರುಗೋಡಿನಲ್ಲಿರುವ ನಮ್ಮ ಅತ್ತೆಗೆ ಬಳ್ಳಾರಿಯಲ್ಲಿ ಕಣ್ಣಿನ ಆಪರೇಷನ್ ಆಗಿತ್ತು. ಡ್ರಾಪ್ಸ್ ಹಾಕಿಕೊಳ್ಳುವುದನ್ನು ಅವರು ಮರೆಯುತ್ತಾರೆಂದು ನನ್ನ ಹೆಂಡತಿ ಸುಮಂಗಲಾ ಸೆರಗು ತಲೆಗೆ ಹೊದ್ದು, ಬಿಸಿಲಿನಲ್ಲಿ ಆ ಮೆಟ್ಟಿಲು ಹತ್ತಿ ಫೋನು ಮಾಡುತ್ತಿದ್ದಳು.

ಮಾಡಲಿ, ನಾನು ಬೇಡವೆನ್ನಲಿಲ್ಲ. ಆದರೆ ಡ್ರಾಪ್ಸಿನ ವಿಷಯ ಮುಗಿದೊಡನೆ ನನ್ನ ವಿಷಯ ಶುರುವಾಗುತ್ತಿತ್ತು!

"ಯವ್ವಾ, ಇವತ್ತು ನಿನ್ನ ಅಳಿಯ ಹಾಲು ಉಕ್ಕಿಸ್ಯಾರ ಬೇ! ಅದೂ ಒಲಿ ಮುಂದನ ನಿಂತ್ಕೊಂಡು!"

ಅತ್ತೆಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಇವಳು ಸ್ಪೀಕರ್ ಹಾಕಿ ಕೂಗುತ್ತಾಳೆ, ಅವರೂ ಅಲ್ಲಿಂದ ಕೂಗುತ್ತಾರೆ, ಓಣಿಯವರು ಕೆಲಸ ಬಿಟ್ಟು ಕೇಳುತ್ತಾರೆ. ಮರುದಿನ ಎದುರು ಮನೆಯ ಈರಮ್ಮ ನನ್ನನ್ನು ತಡೆದು, "ಸರ, ಉರಿ ಸಣ್ಣಗ ಇಟ್ಟು ಕಾಸ್ರಿ" ಎಂದು ಬುದ್ಧಿ ಹೇಳಿದಳು.

ಸಿಗ್ನಲ್ ಮನೆಯೊಳಗೆ ಬರದೆ ನನ್ನ ಮಾನ ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು. ಅಷ್ಟರಲ್ಲಿ ಕಂಪನಿಯದೇ ಒಂದು ಆ್ಯಪ್ ಕಣ್ಣಿಗೆ ಬಿತ್ತು. ಬಳಕೆದಾರರು ತಮ್ಮ ಫೋನಿನಿಂದಲೇ ಸಿಗ್ನಲ್ ಅಳೆದು ಕಳಿಸಬೇಕು. ಚೆನ್ನಾಗಿರುವ ಕಡೆ ನಕಾಶೆಯಲ್ಲಿ ಹಸಿರು, ಕೆಟ್ಟಿರುವ ಕಡೆ ಕೆಂಪು. ಕೆಂಪು ಕಂಡಲ್ಲಿ ಕಂಪನಿ ಸರಿಪಡಿಸುತ್ತದೆ.

"ಇನ್ನ ನೀ ಅಡಿಗಿಮನ್ಯಾಗ ಕುಂತು ಮಾತಾಡ್ತಿ, ನೋಡ್ತಿರು" ಎಂದೆ.

"ನಿಮ್ಮನ್ನ ನಂಬಿ ನಮ್ಮವ್ವನ ಕಣ್ಣು ಕಳಿಯಾಕ ಆಗಂಗಿಲ್ರಿ" ಎನ್ನುತ್ತಾ ಅವಳು ಮೆಟ್ಟಿಲ ಕಡೆ ನಡೆದಳು.

ನಾನು ಪಡಸಾಲೆಯ ನಡುವೆ ನಿಂತು ಗುಂಡಿ ಒತ್ತಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕೊನೆಗೆ, ‘ನೆಟ್‌ವರ್ಕ್ ಇಲ್ಲದ ಕಾರಣ ಪರೀಕ್ಷೆ ವಿಫಲವಾಗಿದೆ. ನೆಟ್‌ವರ್ಕ್ ಇರುವ ಜಾಗದಲ್ಲಿ ಪ್ರಯತ್ನಿಸಿ’ ಎಂದಿತು. ಸಿಗ್ನಲ್ ಇಲ್ಲ ಎಂದು ದೂರು ಹೇಳುವುದಕ್ಕೂ ಸಿಗ್ನಲ್ ಬೇಕು! ನಾನು ವಿಧೇಯ ನಾಗರಿಕ. ಸಿಗ್ನಲ್ ಇರುವ ಜಾಗಕ್ಕೇ ಹೋದೆ.

ಸುಮಂಗಲಾ ಇಳಿದ ಮೇಲೆ ಅದೇ ಮೆಟ್ಟಿಲು ಹತ್ತಿ ಒತ್ತಿದೆ. ಸುಯ್ಯೆಂದು ಹೋಯಿತು! ನಕಾಶೆಯಲ್ಲಿ ನಮ್ಮ ಓಣಿಯ ಮೇಲೆ ಮುದ್ದಾದ ಒಂದು ಹಸಿರು ಚುಕ್ಕೆ ಮೂಡಿತು. ಖಾಜಾಸಾಬರು ಕತ್ತರಿ ಹಿಡಿದುಕೊಂಡೇ ಓಡಿ ಬಂದರು.

"ಪಾಸಾತೇನು ಸರ?"

"ಫಸ್ಟ್ ಕ್ಲಾಸ್!"

ಅವರು ನಕಾಶೆಯ ಮೇಲೆ ಬೆರಳಾಡಿಸಿ, "ಅರೆ! ಬಾಜೂ ಊರು ದೇಶನೂರು ಎಷ್ಟು ಹಸರೈತಿ ನೋಡ್ರಿ. ನಾವೇನ್ ಅವರಿಗಿಂತ ಕಡಿಮಿ ಏನ್ರಿ?" ಎಂದರು.

ಮುಗಿಯಿತು. ಅದು ಊರಿನ ಮರ್ಯಾದೆಯ ಪ್ರಶ್ನೆಯಾಯಿತು. ಓಣಿಯವರೆಲ್ಲ ಆ್ಯಪ್ ಹಾಕಿಸಿಕೊಂಡರು. ನಾನು ಮುಂದಾಳು! ಮಾಳಿಗೆ ಹತ್ತಿಸಿದೆ, ಕಾಲುವೆಯ ಏರಿ ಹತ್ತಿಸಿದೆ, ಎಲ್ಲೆಲ್ಲಿ ಸಿಗ್ನಲ್ ಚೆನ್ನಾಗಿದೆಯೋ ಅಲ್ಲಲ್ಲಿಗೇ ಕರೆದೊಯ್ದೆ. "ಫೋನು ಮ್ಯಾಲ ಹಿಡೀರಿ! ಕಡ್ಡಿ ಪೂರ್ತಿ ಬಂದ ಮ್ಯಾಲ ಒತ್ರಿ!" ಎಂದು ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ಫೋಟೋ ತೆಗೆಸಿಕೊಳ್ಳುವಾಗ ತಲೆ ಬಾಚಿಕೊಳ್ಳುವುದಿಲ್ಲವೇ? ಹಾಗೆಯೇ ಇದು ಎಂದು ನನ್ನ ತಿಳಿವಳಿಕೆ.

ಊರು ನಾಟಿ ಮಾಡಿದ ಗದ್ದೆಯಂತೆ ಹಸಿರಾಯಿತು. ಅದೇ ಹುಮ್ಮಸ್ಸಿನಲ್ಲಿ, ನಮ್ಮ ಮನೆಯೊಳಗೆ ಸಿಗ್ನಲ್ ಬರುವಂತೆ ಕ್ರಮ ಕೈಗೊಳ್ಳಬೇಕೆಂದು ಕಂಪನಿಗೆ ಬರೆದೆ. ಕೆಲವು ದಿನಗಳಲ್ಲಿ ಉತ್ತರ ಬಂತು. ಅದನ್ನು ಓದಲಿಕ್ಕೂ ಗಂಡ ಹೆಂಡತಿ ಖಾಜಾಸಾಬರ ಮೆಟ್ಟಿಲನ್ನೇ ಹತ್ತಬೇಕಾಯಿತು.

‘ಬಳಕೆದಾರರೇ ಕಳಿಸಿದ ಮಾಹಿತಿಯ ಪ್ರಕಾರ ನಿಮ್ಮ ಪ್ರದೇಶದಲ್ಲಿ ಸಿಗ್ನಲ್ ಅತ್ಯುತ್ತಮವಾಗಿದೆ. ಯಾವುದೇ ಸುಧಾರಣೆಯ ಅಗತ್ಯ ಕಂಡುಬಂದಿಲ್ಲ.’

"ಯಾರ್ರಿ ಆ ಬಳಕೆದಾರರು?" ಸುಮಂಗಲಾ ಕೇಳಿದಳು.

ನಾನು ನೀರಿನ ಟ್ಯಾಂಕನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

"ಇಲ್ಲದ್ದನ್ನ ತೋರಸ್ರಿ ಅಂದ್ರ, ಇರೋದನ್ನ ಹುಡುಕಿ ಹುಡುಕಿ ತೋರಿಸಿ ಬಂದೀರೇನ್ರಿ?"

ಬೈದಳು. ಬೈಯುತ್ತಲೇ ನಕ್ಕಳು. ಅವಳ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ನನಗೆ ನಿಜಕ್ಕೂ ಕೆಡುಕೆನಿಸಿತು. ಕೆಳಗೆ ಹೋಗಿ ಕೊಡೆ ತಂದು ಅವಳ ತಲೆಯ ಮೇಲೆ ಹಿಡಿದು ನಿಂತೆ. ಆ ಕೊಡೆಯ ನೆರಳಿನಲ್ಲೇ ನಿಂತು ಅವಳು ತಾಯಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನನ್ನ ಸಾಹಸವನ್ನು ಮೊದಲಿನಿಂದ ಕೊನೆಯವರೆಗೆ ಕೂಗಿ ಹೇಳಿದಳು. ಕೆಳಗೆ ಖಾಜಾಸಾಬರ ಹೊಲಿಗೆ ಯಂತ್ರ ನಿಂತಿತು. ಈರಮ್ಮ ಬಾಗಿಲಿಗೆ ಬಂದಳು.

"ಬೈಬ್ಯಾಡ ಬಿಡವ್ವ," ಎಂದರು ಅತ್ತೆ. "ಅಳಿಯಂದ್ರ ಮನಸ್ಸು ಭಾಳ ಛಲೋ ಐತಿ."

ನನ್ನ ಎದೆ ಉಬ್ಬಿತು. ಓಣಿಯ ಕಡೆಗೊಮ್ಮೆ ಗತ್ತಿನಿಂದ ನೋಡಿದೆ.

"ಕಣ್ಣೊಂದು ಕಾಣಂಗಿಲ್ಲ, ಅಷ್ಟ! ನಂದೀಗ ನಿಚ್ಚಳ ಆಗೈತಿ. ಉಳದ ಡ್ರಾಪ್ಸ್ ಕಳಸ್ತೀನಿ, ಎರಡೂ ಹೊತ್ತು ಅವರಿಗೆ ಹಾಕು!"

ಓಣಿಗೆ ಓಣಿಯೇ ಗೊಳ್ಳೆಂದಿತು. ಒಂದಕ್ಷರವೂ ಕಟ್ ಆಗಿರಲಿಲ್ಲ. ಸಿಗ್ನಲ್, ನಾನೇ ವರದಿ ಮಾಡಿದ್ದಂತೆ, ಅತ್ಯುತ್ತಮವಾಗಿತ್ತು!