ಭಾವಮೈದುನ ಕಳೆದ ಏಳು ನಿಮಿಷ

ತೊಂಬತ್ತೆಂಟನೆಯ ಇಸವಿಯ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಸೊಲ್ಲಾಪುರದ ನಮ್ಮ ಗಿರಣಿಯ ಟೈಮ್ ಆಫೀಸು. ಹಾಜರಿದ್ದವರು: ಜನ ಬಂದುಹೋಗುವ ಹೊತ್ತು ಬರೆಯುವ ಟೈಮ್ ಕೀಪರನಾದ ನಾನು, ಗೋದಾಮಿನ ಮಲ್ಲಪ್ಪ, ನನ್ನ ಹೆಂಡತಿಯ ತಮ್ಮ. ಈ ಮೂರನೆಯವನು ದೆವ್ವವನ್ನಾದರೂ ನಂಬಿಯಾನು, ಗಡಿಯಾರವನ್ನು ನಂಬುವವನಲ್ಲ!

ಅಕ್ಕಲಕೋಟೆಯಲ್ಲಿ ಅವನದೇ ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ಅಂತರಪಟದ ಹಿಂದಿನಿಂದ, "ಭಟ್ರ, ನಿಮ್ಮ ಗಡಿಯಾರ ಎರಡು ನಿಮಿಷ ಮುಂದ ಐತ್ರಿ, ತಡೀರಿ" ಎಂದ. ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಊರೆಲ್ಲ ಎರಡು ನಿಮಿಷ ನಿಂತಿತು!

ಗಿರಣಿಯ ಕಂಪ್ಯೂಟರುಗಳೆಲ್ಲ ಅವನ ಕೈಯಲ್ಲಿ. ಅವುಗಳನ್ನು ಜೋಡಿಸುವ ಮೂರು ಈಥರ್ನೆಟ್ ಸ್ವಿಚ್ಚುಗಳು ಕರೆಂಟು ಹೋದಾಗಲೆಲ್ಲ ಹೊತ್ತು ಮರೆಯುತ್ತಿದ್ದವು. ಇಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಹೇಳಬೇಕೆ? ಅವನು ಪ್ರತಿ ಸ್ವಿಚ್ಚಿಗೂ ಆಫೀಸಿನ ದೊಡ್ಡ ಕಂಪ್ಯೂಟರಿನ ವಿಳಾಸ ಬರೆದುಕೊಟ್ಟು, ಅದನ್ನೇ ಕೇಳಿ ಹೊತ್ತು ತಿದ್ದಿಕೊಳ್ಳುವಂತೆ ಮಾಡಿದ. ದೊಡ್ಡ ಕಂಪ್ಯೂಟರಿಗೆ ಹೊತ್ತು ಹೇಳುವವರು? ರೇಡಿಯೋ! ವಾರ್ತೆಗೆ ಮುಂಚಿನ ಕೊನೆಯ 'ಕುಂಯ್' ಕೇಳಿದ ಕ್ಷಣ ಗುಂಡಿ ಒತ್ತುತ್ತಿದ್ದ. ಆಗ ಯಾರಾದರೂ ಸೀನಿದರೆ ಅವರೊಡನೆ ಮರುದಿನದವರೆಗೆ ಮಾತಿಲ್ಲ.

ಶನಿವಾರ ಸಂಜೆ ಗೋದಾಮಿನ ಸ್ವಿಚ್ಚಿನ ಕೇಬಲ್ಲು ಕಿತ್ತುಬಂದಿತ್ತು. ಆ ಕ್ಷಣವೇ ಸ್ವಿಚ್ಚು ತಾನಾಗಿ ಬರೆದುಕೊಂಡ ಹೊತ್ತು ಐದು ಇಪ್ಪತ್ತು. ಮಲ್ಲಪ್ಪ ಹೊರಬಿದ್ದದ್ದು ನನ್ನ ಗೇಟು ಪುಸ್ತಕದ ಪ್ರಕಾರ ಐದು ಇಪ್ಪತ್ತೈದು. ಒಳಗಿದ್ದವನು ಅವನೊಬ್ಬನೇ. ಬೇಕೆಂದೇ ಕಿತ್ತನೆಂದು ಅವನನ್ನು ಕೆಲಸದಿಂದ ತೆಗೆಯುವ ಕಾಗದ ಸಿದ್ಧವಿತ್ತು. ನನ್ನ ಸಹಿ ಬಾಕಿ.

"ನಾ ಮುಟ್ಟಿಲ್ರೀ ಸಾಹೇಬ್ರ. ಕೀಲಿ ಹಾಕಿ ಮಂದ್ರೂಪದ ಬಸ್ಸಿಗೆ ಓಡೀನ್ರಿ," ಎಂದ ಮಲ್ಲಪ್ಪ.

"ಮತ್ತ ಪುಸ್ತಕ ಸುಳ್ಳು ಹೇಳ್ತದೇನು?" ಎಂದೆ.

ಭಾವಮೈದುನ ಕೆಮ್ಮಿದ. "ಪುಸ್ತಕ ಯಾವ ಗಡಿಯಾರ ನೋಡಿ ಬರೀತೀರಿ, ಮಾಮಾ?"

"ಗ್ವಾಡಿ ಮ್ಯಾಲಿಂದು. ಮತ್ಯಾವುದು?"

ಅವನು ಕತ್ತೆತ್ತಿ ಗೋಡೆಯ ಗಡಿಯಾರ ನೋಡಿದ. ನಾನೂ. ಜನ ಹೊತ್ತಿಗೆ ಬರಲಿ ಎಂದು ಅದನ್ನು ಏಳು ನಿಮಿಷ ಮುಂದಿಟ್ಟವನು ನಾನೇ. ಇಟ್ಟು ಹದಿನೆಂಟು ವರ್ಷ, ಇಟ್ಟದ್ದೇ ಮರೆತಿತ್ತು! ಪುಸ್ತಕದ ಐದು ಇಪ್ಪತ್ತೈದೆಂದರೆ ನಿಜದಲ್ಲಿ ಐದು ಹದಿನೆಂಟು; ಕೇಬಲ್ಲು ಕಿತ್ತುಬಂದಾಗ ಮಲ್ಲಪ್ಪ ಗೇಟು ದಾಟಿ ಎರಡು ನಿಮಿಷವಾಗಿತ್ತು. ಹೋಗಿ ನೋಡಿದರೆ, ಕೇಬಲ್ಲಿನ ಕೊಂಡಿ ಮುರಿದು ತಾನಾಗಿ ಜಾರಿತ್ತು.

"ನಿನಗ ಗೊತ್ತಿತ್ತೇನೋ?" ಎಂದು ಭಾವಮೈದುನನನ್ನು ಕೇಳಿದೆ.

"ಕೆಲಸಕ್ಕ ಬಂದ ಮೊದಲ ದಿನಾನ ಗೊತ್ತಾತ್ರಿ."

"ಮತ್ತ ಬಾಯಿ ಯಾಕ ಬಿಡಲಿಲ್ಲ?"

"ರೊಕ್ಕ ಕೊಟ್ಟು ನನಗ ಸಾಲಿ ಕಲಿಸಿದವರು ನೀವು. ನಿಮ್ಮದು ತಪ್ಪೈತಿ ಅಂತ ಹ್ಯಾಂಗ ಅನ್ಲಿ? ದಿನಾ ಮನಸಿನ್ಯಾಗ ಏಳು ಕಳಕೊಂತಿದ್ದೆ."

ಕಾಗದ ಹರಿದೆ. ತಪ್ಪು ನನ್ನದೆಂದು ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ. ಸ್ಟೂಲು ಹತ್ತಿ ಮುಳ್ಳು ಹಿಂದಕ್ಕೆ ತಿರುಗಿಸಿದೆ. ನಾನು ಇಳಿಯುವವರೆಗೂ ಅವನು ಸ್ಟೂಲನ್ನಲ್ಲ, ನನ್ನ ಎರಡೂ ಕಾಲುಗಳನ್ನು ಅವಚಿ ಹಿಡಿದು ನಿಂತಿದ್ದ.