ಯಜಮಾನರು ಹೋದರು

ಕಂಪ್ಯೂಟರಿಗೆ ಹೆಸರಿಡುವಾಗ ಮನುಷ್ಯ ಒಂದು ನಿಮಿಷವಾದರೂ ಯೋಚಿಸಬೇಕು. ಲಿನಕ್ಸಪ್ಪ ಯೋಚಿಸಲಿಲ್ಲ.

ಅವನ ನಿಜವಾದ ಹೆಸರು ಆ ಕೋಲ್ಡ್ ಸ್ಟೋರೇಜಿನಲ್ಲಿ ಯಾರಿಗೂ ನೆನಪಿರಲಿಲ್ಲ. ಮಾತೆತ್ತಿದರೆ ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಹೆಸರೆತ್ತುತ್ತಿದ್ದವನಿಗೆ ಲೆಕ್ಕದ ಮೇಡಂ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಅವನ ಕೆಲಸ ಅಲ್ಲಿನ ಕಂಪ್ಯೂಟರುಗಳನ್ನೂ, ತಣ್ಣನೆ ಕೋಣೆಗಳಲ್ಲಿ ಕಾವು ಅಳೆಯುವ ಪುಟ್ಟ ಯಂತ್ರಗಳನ್ನೂ ನೋಡಿಕೊಳ್ಳುವುದು. ಕೋಣೆ ಬಿಸಿಯಾದರೆ ಎಲ್ಲರ ಮೊಬೈಲಿಗೂ ಸೂಚನೆ ಹೋಗಬೇಕು. ಹೋಗುತ್ತಲೂ ಇತ್ತು, ಆದರೆ ಯಾವುದೋ ದೂರದ ಕಂಪನಿಯ ಸರ್ವರಿನ ಮೂಲಕ, ಅದರ ಪುರುಸೊತ್ತು ನೋಡಿಕೊಂಡು. ಕಳೆದ ಸಲ ಸೂಚನೆ ಬರುವಷ್ಟರಲ್ಲಿ ಒಂದು ಕೋಣೆಯ ದ್ರಾಕ್ಷಿಯೆಲ್ಲ ಹುಳಿಯಾಗಿ ನೊಣ ಕೂತಿತ್ತು.

ಆವತ್ತು ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಲಿನಕ್ಸಪ್ಪನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ನೀನು ಮನೆಗೆ ಹೋಗು" ಎಂದಷ್ಟೇ ಹೇಳಿ ಕನ್ನಡಕ ಒರೆಸಿಕೊಂಡರು. ಮನೆಯಲ್ಲಿ ಹೆಂಡತಿಯೂ ಕೂಗಾಡಲಿಲ್ಲ. "ಹೋದ ಕೆಲಸವೂ ಹೀಗೇ ಹೋಯ್ತು. ಇದೂ ಹೋದ್ರೆ ನಾನು ಮಗೂನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ" ಎಂದು ತಟ್ಟೆ ತೊಳೆಯಲು ಎದ್ದಳು.

ಹಾಗಾಗಿ ಅವನು ಸ್ವಂತ ಸರ್ವರ್ ಕಟ್ಟಿದ. ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರಿನ ಧೂಳು ಕೊಡವಿ ಲಿನಕ್ಸ್ ಹಾಕಿದ. ಯಂತ್ರಕ್ಕೆ ಏನು ಹೆಸರಿಡಲಿ ಎಂದು ಅದು ಕೇಳಿತು. ಉಳಿದ ಯಂತ್ರಗಳೆಲ್ಲ ಇದರ ಮಾತು ಕೇಳುತ್ತವಲ್ಲ, 'ಯಜಮಾನ' ಎಂದಿರಲಿ ಅಂದುಕೊಂಡ. ಯಂತ್ರ ನಿಲ್ಲುವ ಮುಂಚೆ ತಾನೇ ತಿಳಿಸಿ ನಿಲ್ಲಲಿ ಎಂದು ಒಂದು ಕೊನೆಯ ಸಂದೇಶವನ್ನೂ ಬರೆದ. ಮೊದಲು 'ಯಜಮಾನ ಹೋದ' ಎಂದು ಬರೆದಿದ್ದ. ಅನ್ನ ಉಳಿಸುವ ಯಂತ್ರಕ್ಕೆ ಏಕವಚನವೇ ಎಂದು ಮನಸ್ಸಿಗೆ ಕಸಿವಿಸಿಯಾಗಿ ತಿದ್ದಿದ: 'ಯಜಮಾನರು ಹೋದರು. ಇನ್ನು ಮುಂದೆ ಯಾವ ಸೂಚನೆಯೂ ಬರುವುದಿಲ್ಲ.'

ಇದು ಅವನ ಮೊಬೈಲಿಗೆ ಮಾತ್ರ ಬರಬೇಕಾದದ್ದು. ಆದರೆ ಕೋಣೆ ಬಿಸಿಯಾದಾಗ ಹೋಗುವ ಸೂಚನೆಯ ಸಾಲನ್ನೇ ನಕಲು ಮಾಡಿ ಮಾತು ಬದಲಿಸಿದ್ದರಿಂದ, 'ಎಲ್ಲರಿಗೆ' ಎಂಬುದು ಹಾಗೇ ಉಳಿದುಹೋಯಿತು. ಸಂಜೆ ಎಲ್ಲರ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟ. ಯಜಮಾನರಿಗೆ, ಮನೆಯಿಂದ ಬಂದಿದ್ದ ಅವರ ಹೆಂಡತಿ ಅಮ್ಮಾವರಿಗೆ, ಲೆಕ್ಕದ ಮೇಡಂಗೆ, ಗೇಟಿನ ಕಾವಲುಗಾರನಿಗೆ. ಫೋನನ್ನು ಸದ್ದಿಲ್ಲದೆ ಇಟ್ಟಿದ್ದರೂ ಕಿರುಚಬೇಕು, ಹಾಗೆ ಮಾಡಿಟ್ಟ.

ಮರುದಿನ ಬೆಳಿಗ್ಗೆ ಯಜಮಾನರು ಎಲ್ಲಿಗೆ ಎಂದು ಹೇಳದೆ ಕಾರು ಹತ್ತಿ ಹೋದರು. ಲಿನಕ್ಸಪ್ಪ ಸ್ವೆಟರ್ ಹಾಕಿಕೊಂಡು, ಕಾವು ಅಳೆಯುವ ಯಂತ್ರ ನೋಡಲು ತಣ್ಣನೆ ಕೋಣೆಗೆ ಹೊಕ್ಕ. ಆ ದಪ್ಪ ಗೋಡೆಗಳ ನಡುವೆ ಮೊಬೈಲಿಗೆ ಸಿಗ್ನಲ್ ಇಲ್ಲ.

ಹೊರಗೆ ಲೆಕ್ಕದ ಮೇಡಂ ಫೋನಿನ ಚಾರ್ಜ್ ಮುಗಿಯುತ್ತ ಬಂದಿತ್ತು. ಹೊಸ ಆ್ಯಪ್ ನಿದ್ದೆಗೆಟ್ಟು ಕಾಯುತ್ತ ಕೂತು ಬ್ಯಾಟರಿಯನ್ನು ತಿಂದುಹಾಕಿತ್ತು. ಅವರು ಬಯ್ದುಕೊಂಡು, ಗೋಡೆಯಲ್ಲಿದ್ದ ಯಾವುದೋ ಒಂದು ಪ್ಲಗ್ ಕಿತ್ತು ತಮ್ಮ ಚಾರ್ಜರ್ ಚುಚ್ಚಿದರು. ಕಿತ್ತದ್ದು ಸರ್ವರಿನ ಯುಪಿಎಸ್ ಪ್ಲಗ್. ಅದು ಒಂದಷ್ಟು ಹೊತ್ತು ಕುಂಯ್ ಕುಂಯ್ ಎಂದಿತು. ಯಾರೂ ತಿರುಗಿ ನೋಡದಿದ್ದಾಗ ಸರ್ವರ್ ತನಗೆ ಹೇಳಿಕೊಟ್ಟಿದ್ದ ಕೊನೆಯ ಮಾತು ಹೇಳಿ ಕಣ್ಣು ಮುಚ್ಚಿತು.

ಕೋಣೆಯೊಳಗೆ ಗಾಳಿಯ ಸದ್ದು ನಿಂತಾಗ ಲಿನಕ್ಸಪ್ಪ ಗಾಬರಿಯಾಗಿ ಹೊರಗೆ ಓಡಿ ಬಂದ. ಕಾವಲುಗಾರ ಕೋಣೆ ತಂಪು ಮಾಡುವ ಮಷಿನ್ನಿನ ಮುಖ್ಯ ಸ್ವಿಚ್ ಇಳಿಸಿ, ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತಿದ್ದ.

"ಯಾಕಯ್ಯಾ ಆರಿಸಿದೆ? ಒಳಗೆ ಸೇಬು ಇದೆ!"

"ಯಜಮಾನರೇ ಹೋದ್ರು, ಸೇಬು ಕಟ್ಕೊಂಡು ಏನು ಮಾಡ್ತೀರಿ? ಅವರ ಗೌರವಕ್ಕಾದ್ರೂ ಇವತ್ತೊಂದು ದಿನ ಮಷಿನ್ ಸುಮ್ನಿರ್ಲಿ" ಎಂದು ಕಾವಲುಗಾರ ಬಿಕ್ಕಿದ.

ಬೆಳಿಗ್ಗೆ ತಾನೇ ಕಾರು ಹತ್ತಿದ ಮನುಷ್ಯ. ಬಯ್ಯುತ್ತಿದ್ದರು ನಿಜ, ಆದರೆ ಲಿನಕ್ಸಪ್ಪನ ಮಗುವಿಗೆ ಜ್ವರ ಬಂದಾಗ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ಅವನಿಗೆ ನಿಜವಾಗಿಯೂ ಅಳು ಬಂತು. ಆಫೀಸಿನ ಬಾಗಿಲಲ್ಲಿ ಲೆಕ್ಕದ ಮೇಡಂ ಅವನ ಭುಜ ಹಿಡಿದುಕೊಂಡು ಅತ್ತರು, ಅವನೂ ಅತ್ತ. ಅಷ್ಟರಲ್ಲಿ ಅಮ್ಮಾವರು ಆಟೋದಿಂದ ಇಳಿದು, ಚಪ್ಪಲಿ ಒಂದು ಕಡೆ ಸೆರಗು ಒಂದು ಕಡೆಯಾಗಿ ಬಂದು, ಯಜಮಾನರ ಕುರ್ಚಿಯಲ್ಲಿ ಕುಸಿದರು.

"ಒಂದು ಮಾತು ಹೇಳದೆ ಹೋಗ್ಬಿಟ್ರಲ್ಲಾ! ಬದುಕಿದ್ದಾಗಲೂ ನನಗೆ ಏನೂ ಹೇಳ್ತಿರ್ಲಿಲ್ಲ, ಸಾಯುವಾಗ್ಲೂ ಹೇಳ್ಲಿಲ್ಲ!"

"ಫೋನ್ ಮಾಡಿದ್ರಾ ಅಮ್ಮಾ?" ಎಂದ ಲಿನಕ್ಸಪ್ಪ, ಕಣ್ಣೊರೆಸಿಕೊಳ್ಳುತ್ತ.

"ಮಾಡ್ತಾನೇ ಇದೀನಿ. ಎತ್ತೋರು ಯಾರಪ್ಪಾ?"

"ಸುದ್ದಿ ಯಾರು ಹೇಳಿದ್ದು? ಆಸ್ಪತ್ರೆಯವರಾ?"

ಲೆಕ್ಕದ ಮೇಡಂ ಅವನನ್ನು ಅಚ್ಚರಿಯಿಂದ ನೋಡಿದರು. "ಯಾರು ಅಂದ್ರೆ? ನಿನ್ನ ಸರ್ವರೇ ಹೇಳ್ತು. ಪಾಪ, ಎಷ್ಟು ಗೌರವವಾಗಿ ಹೇಳ್ತು ಗೊತ್ತಾ" ಎಂದು ಮೊಬೈಲ್ ಮುಂದೆ ಹಿಡಿದರು.

ಓದಿದ ಲಿನಕ್ಸಪ್ಪನಿಗೆ ತಣ್ಣನೆ ಕೋಣೆಯಲ್ಲೂ ಆಗದಷ್ಟು ಚಳಿಯಾಯಿತು. ಯಜಮಾನರು ಬದುಕಿದ್ದಾರೆ ಎಂದು ಸಂತೋಷಪಡಲೂ ಆಗಲಿಲ್ಲ, ಸತ್ತದ್ದು ತಾನು ಎಂದು ಗೊತ್ತಾಯಿತು. ಮೊದಲು ಓಡಿಹೋಗಿ ಮಷಿನ್ ಚಾಲೂ ಮಾಡಿದ. "ಕರುಳೇ ಇಲ್ಲ ಈ ಮನುಷ್ಯನಿಗೆ" ಎಂದ ಕಾವಲುಗಾರ. ಆಮೇಲೆ ಚಾರ್ಜರ್ ಕಿತ್ತೆಸೆದು ಯುಪಿಎಸ್ ಪ್ಲಗ್ ಚುಚ್ಚಿದ. ಕರೆಂಟು ಬಂದರೆ ತಾನೇ ಎದ್ದು ಎಲ್ಲರಿಗೂ ತಿಳಿಸುವಂತೆ ಮಾಡಿಟ್ಟದ್ದು ಆಮೇಲೆ ನೆನಪಾಯಿತು. ತಡೆಯಲು ಕೈ ಚಾಚುವಷ್ಟರಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದವು.

'ಯಜಮಾನರು ಎದ್ದರು. ಎಲ್ಲ ಸರಿಯಾಗಿದೆ.'

ಅದರ ಹಿಂದೆಯೇ ಲಿನಕ್ಸಪ್ಪನ ಮೊಬೈಲಿಗೆ, ಸಿಗ್ನಲ್ ಸಿಗದೆ ಸರ್ವರಿನಲ್ಲೇ ಉಳಿದಿದ್ದ 'ಯಜಮಾನರು ಹೋದರು' ಎಂಬ ಹಳೆಯದೂ ಬಂತು. ಇಡೀ ಕಂಪನಿಯಲ್ಲಿ ಸೂಚನೆ ತಡವಾಗಿ ತಲುಪಿದ್ದು ಅವನೊಬ್ಬನಿಗೇ.

ಲೆಕ್ಕದ ಮೇಡಂ ಚೀರಿದರು. ಅಮ್ಮಾವರ ಅಳು ಅರ್ಧಕ್ಕೆ ನಿಂತು ಬಾಯಿ ತೆರೆದೇ ಉಳಿಯಿತು. "ಆಸ್ಪತ್ರೆಯವ್ರು ಮೊದಲೇ ಸರಿಯಾಗಿ ನೋಡ್ಬಾರ್ದಾ?" ಎಂದು ಕಾವಲುಗಾರ ಟೋಪಿ ಹಾಕಿಕೊಂಡ.

ಲಿನಕ್ಸಪ್ಪ ಎಲ್ಲವನ್ನೂ ಒಪ್ಪಿಕೊಂಡ. ಯಜಮಾನ ಎಂದರೆ ಈ ಕಂಪ್ಯೂಟರು, ಹೋದರು ಎಂದರೆ ಆರಿತು ಎಂದ.

"ಈ ಡಬ್ಬಕ್ಕಾ ನಾನು ಅತ್ತಿದ್ದು?" ಎಂದರು ಅಮ್ಮಾವರು.

ಅವನು ಕೈ ಮುಗಿದ. "ಯಜಮಾನ್ರಿಗೆ ಒಂದು ಮಾತೂ ಹೇಳ್ಬೇಡಿ. ಕೆಲಸ ಹೋದ್ರೆ ನನ್ನ ಹೆಂಡತಿ, ಮಗು ಇಬ್ರೂ ಮನೇಲಿರಲ್ಲ."

ಅವನು ಅಂದುಕೊಂಡಷ್ಟು ಬೇಡಬೇಕಾಗಿ ಬರಲಿಲ್ಲ. ಪ್ಲಗ್ ಕಿತ್ತವರು ತಾವೇ ಎಂದು ಲೆಕ್ಕದ ಮೇಡಂಗೆ ಹೊಳೆದಿತ್ತು. ಸ್ವಿಚ್ ಇಳಿಸಿದ ಕಾವಲುಗಾರ ಆಗಲೇ ನೆಲ ನೋಡುತ್ತಿದ್ದ. ಅಮ್ಮಾವರಂತೂ, "ಬದುಕಿರೋ ಗಂಡನ ಮುಂದೆ ಇದನ್ನೆಲ್ಲ ಹೇಳಿ ಮಾನ ಕಳ್ಕೊಳ್ಲಾ? ಯಾರೂ ಬಾಯಿ ಬಿಡ್ಬೇಡಿ. ನನ್ನಾಣೆ" ಎಂದರು. ಮೂವರ ಮೊಬೈಲಿನಿಂದಲೂ ಲಿನಕ್ಸಪ್ಪನೇ ಸಂದೇಶಗಳನ್ನು ಅಳಿಸಿದ. ಸರ್ವರಿನಿಂದಲೂ ಗುರುತಿಲ್ಲದಂತೆ ಅಳಿಸಿ, ಆ ಹಾಳು ಹೆಸರನ್ನು ಕಿತ್ತುಹಾಕಿ, 'ಡಬ್ಬ' ಎಂದು ಹೊಸ ಹೆಸರಿಟ್ಟ. ಯಜಮಾನರ ಮೊಬೈಲೊಂದು ಉಳಿದಿತ್ತು. ನೋಡಿರಲಾರರು, ಅಮ್ಮಾವರ ಫೋನನ್ನೇ ಎತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಮಧ್ಯಾಹ್ನ ಯಜಮಾನರು ಬಂದರು. ಮುಖ ಬಾಡಿತ್ತು. ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದರು.

"ಈ ಕೋಲ್ಡ್ ಸ್ಟೋರೇಜ್ ಮಾರಿಬಿಟ್ಟೆ. ಇವತ್ತು ಸಹಿ ಆಯ್ತು. ಮನೆಯವಳಿಗೂ ಹೇಳಿರ್ಲಿಲ್ಲ."

"ಮಾರಿದ್ರಾ?" ಎಂದರು ಅಮ್ಮಾವರು. ಬೆಳಗಿನಿಂದ ಅತ್ತು ಮುಗಿಸಿದ್ದರಿಂದ ಈಗ ಕಣ್ಣೀರು ಬರಲಿಲ್ಲ.

ಯಜಮಾನರು ಲಿನಕ್ಸಪ್ಪನ ಕಡೆ ತಿರುಗಿದರು. "ಸಹಿ ಹಾಕೋಕೆ ಪೆನ್ನು ತೆಗೆದೆ. ಜೇಬಲ್ಲಿ ಫೋನ್ ಕಿರುಚ್ತು. ಯಜಮಾನರು ಹೋದರು, ಇನ್ನು ಮುಂದೆ ಯಾವ ಸೂಚನೆಯೂ ಬರುವುದಿಲ್ಲ. ಕೊಳ್ಳೋರು ಎದುರಿಗೇ ಕೂತಿದ್ರು. ಎಲ್ಲಾ ಮುಗಿಸಿ ಕುರ್ಚಿಯಿಂದ ಎದ್ದೆ. ಮತ್ತೆ ಕಿರುಚ್ತು. ಯಜಮಾನರು ಎದ್ದರು! ನಾನು ಕೂತಿದ್ದು, ಎದ್ದಿದ್ದು ಎಲ್ಲಾ ಎಲ್ಲಿಂದ ನೋಡ್ತಿದ್ದೆ ಹೇಳು."

"ಅಯ್ಯೋ ಸಾರ್, ಯಜಮಾನ ಅಂದ್ರೆ ನೀವಲ್ಲ, ಈ ಕಂಪ್ಯೂಟರ್!"

ಯಜಮಾನರು ಬಗ್ಗಿ ಪರದೆ ನೋಡಿದರು. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಡಬ್ಬ' ಎಂದಿತ್ತು.

"ಬೆಳಿಗ್ಗೆ ಆ ಹೆಸರಿತ್ತು ಸಾರ್. ಸಂದೇಶ ಎಲ್ಲರಿಗೂ ಹೋಗಿದೆ, ಬೇಕಾದ್ರೆ ಕೇಳಿ!"

ಯಜಮಾನರು ಒಬ್ಬೊಬ್ಬರನ್ನೇ ನೋಡಿದರು. ಕಾವಲುಗಾರ ಅಮ್ಮಾವರನ್ನು ನೋಡಿದ. ಅಮ್ಮಾವರು ಕಣ್ಣು ದೊಡ್ಡದು ಮಾಡಿದರು.

"ನಮಗೇನೂ ಬಂದಿಲ್ಲ ಯಜಮಾನ್ರೇ" ಎಂದ ಕಾವಲುಗಾರ. ಲೆಕ್ಕದ ಮೇಡಂ ಮೊಬೈಲ್ ತೆರೆದು ತೋರಿಸಿದರು, ಖಾಲಿ. ಕೊಟ್ಟ ಮಾತಿಗೆ ಮೂವರೂ ತಪ್ಪಲಿಲ್ಲ.

ಯಜಮಾನರು ತಲೆಯಾಡಿಸಿ ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ನನಗೊಬ್ಬನಿಗೇ ಕಳಿಸಿದ್ದೀಯ. ಹೆದರಿಸೋಕೆ. ಹೊಸಬರು ಎಲ್ಲರನ್ನೂ ಇಟ್ಕೋತೀನಿ ಅಂದಿದ್ದಾರೆ, ಆ ಡಬ್ಬವೂ ಬೇಕಂತೆ, ಸೂಚನೆ ಅಷ್ಟು ಬೇಗ ಬರೋದನ್ನ ಅವ್ರು ಎಲ್ಲೂ ನೋಡಿಲ್ಲವಂತೆ. ನೀನು ಮಾತ್ರ ನಾಳೆಯಿಂದ ಬರ್ಬೇಡ."